ಒಂದು ಮೀಟರ್ ಕೋಲು, ಎರಡು ಊರಿನ ನೆರಳು

ಏಳನೇ ತರಗತಿಯಲ್ಲಿ ಕೇಳಿ ನೋಡಿ: "ನೆರಳು ಅತಿ ಗಿಡ್ಡ ಆಗುವುದು ಎಷ್ಟು ಗಂಟೆಗೆ?" ಹೆಚ್ಚಿನವರು "ಹನ್ನೆರಡಕ್ಕೆ" ಎನ್ನುತ್ತಾರೆ. ಸರಿ, ತಪ್ಪು ಎಂದು ಹೇಳಬೇಡಿ. ಉತ್ತರವನ್ನು ಪುಸ್ತಕದಲ್ಲಿ ಬರೆಸಿ, ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ.

ಮಾರ್ಚ್ 21ರ ಸುಮಾರಿನ ಒಂದು ದಿನ ಇದಕ್ಕೆ ಅನುಕೂಲ. ಆಗ ಸೂರ್ಯ ಸಮಭಾಜಕ ವೃತ್ತದ ಮೇಲಿರುತ್ತಾನೆ, ಆಕಾಶವೂ ಸಾಮಾನ್ಯವಾಗಿ ಬಿಳಿಯಾಗಿರುತ್ತದೆ. ಒಂದು ಮೀಟರ್ ಎತ್ತರದ ನೇರ ಕೋಲು ಸಾಕು. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಓರೆಯಿಲ್ಲವೆಂದು ಮಕ್ಕಳೇ ನೋಡಿಕೊಳ್ಳಲಿ. ಕೋಲು ಓರೆಯಾದರೆ ಮುಂದಿನದೆಲ್ಲ ಹಾಳು. 11.30ರಿಂದ ಹತ್ತು ಹತ್ತು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕಿ, ಉದ್ದ ಅಳೆದು ಬರೆಯಲಿ.

ಹನ್ನೆರಡು ದಾಟಿದಾಗಲೇ ನಿಜವಾದ ಪಾಠ ಶುರು. ಕಾಸರಗೋಡಿನ ಮಗು "ಟೀಚರೇ, ನೆರಳು ಇನ್ನೂ ಗಿಡ್ಡ ಆಗ್ತಾ ಉಂಟಲ್ಲ!" ಅಂದೀತು. ಸೊಲ್ಲಾಪುರದ ಕಡೆಯ ಮಗು "ಸರ, ಹನ್ನೆರಡ ಆತಲ್ರೀ, ನೆಳ್ಳ ಯಾಕ ಇನ್ನೂ ಸಣ್ಣ ಆಗಾಕತ್ತೈತಿ?" ಅಂದೀತು. ಈ ಪ್ರಶ್ನೆ ಮಗುವಿನ ಬಾಯಿಂದ ಬರುವವರೆಗೆ ನಾವು ಸುಮ್ಮನಿರಬೇಕು. ಅದೇ ಕಷ್ಟದ ಕೆಲಸ. ನಮಗೆ ಉತ್ತರ ಗೊತ್ತಿರುವುದರಿಂದ ನಾಲಿಗೆ ತುರಿಸುತ್ತದೆ.

ನೆರಳು ಅತಿ ಗಿಡ್ಡವಾಗುವ ಕ್ಷಣ ಕಣ್ಣಿಗೆ ಸುಲಭವಾಗಿ ಸಿಕ್ಕುವುದಿಲ್ಲ, ಆ ಹೊತ್ತಿಗೆ ಉದ್ದ ಬಹಳ ನಿಧಾನ ಬದಲಾಗುತ್ತದೆ. ಅದಕ್ಕೊಂದು ಉಪಾಯ ಇದೆ. 11.30ರ ನೆರಳಿನ ಉದ್ದವನ್ನೇ ತ್ರಿಜ್ಯ ಮಾಡಿ ಕೋಲಿನ ಸುತ್ತ ವೃತ್ತ ಎಳೆಯಿರಿ. ನೆರಳಿನ ತುದಿ ಒಳಗೆ ಹೋಗಿ, ಮತ್ತೆ ವೃತ್ತವನ್ನು ಮುಟ್ಟುವ ಹೊತ್ತು ಬರೆದುಕೊಳ್ಳಿ. ಕಾಸರಗೋಡಿನಲ್ಲಿ ಅದು ಸುಮಾರು 1.44. ಎರಡರ ನಡುವಿನ ಹೊತ್ತು 12.37. ಅದೇ ಆ ಊರಿನ ನಿಜವಾದ ನಡುಮಧ್ಯಾಹ್ನ. ನಮ್ಮ ಗಡಿಯಾರ ಓಡುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ, ಕಾಸರಗೋಡು ಇರುವುದು 75ರಲ್ಲಿ. ಡಿಗ್ರಿಗೆ 4 ನಿಮಿಷದಂತೆ 30 ನಿಮಿಷ ಅಲ್ಲೇ ಆಯಿತು. ಉಳಿದ ಏಳು ನಿಮಿಷಕ್ಕೆ ಭೂಮಿಯ ಓರೆಯೂ ಅದರ ಪಥದ ಆಕಾರವೂ ಕಾರಣ. ಏಳನೇ ತರಗತಿಗೆ ಅದು ಬೇಡ, ಕೇಳಿದವರಿಗೆ ಹೇಳಿದರಾಯಿತು.

ಇನ್ನು ನಮ್ಮ ಗಡಿನಾಡಿನ ಶಾಲೆಗಳಿಗೆ ಮಾತ್ರ ಇರುವ ಒಂದು ಭಾಗ್ಯ. ಕಾಸರಗೋಡು ಮತ್ತು ಸೊಲ್ಲಾಪುರ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ, ನಡುವೆ ಉತ್ತರ-ದಕ್ಷಿಣವಾಗಿ ಸುಮಾರು 570 ಕಿ.ಮೀ. ದೂರ. ಎರಡೂ ಕಡೆ ಕನ್ನಡದಲ್ಲೇ ಪಾಠ ನಡೆಯುತ್ತದೆ. ಒಂದು ಫೋನ್ ಕರೆ ಸಾಕು. ಅಂದು ಮೀಟರ್ ಕೋಲಿನ ಅತಿ ಗಿಡ್ಡ ನೆರಳು ಕಾಸರಗೋಡಿನಲ್ಲಿ ಸುಮಾರು 22 ಸೆಂ.ಮೀ., ಸೊಲ್ಲಾಪುರದಲ್ಲಿ 32 ಸೆಂ.ಮೀ. ಈ ಅಂಕಿ ಮಕ್ಕಳಿಗೆ ಮೊದಲೇ ಹೇಳಬೇಡಿ, ನಿಮಗೆ ತಾಳೆ ನೋಡಲು ಮಾತ್ರ.

ಕೋಲು ಮತ್ತು ನೆರಳನ್ನು ಹತ್ತರಲ್ಲೊಂದು ಅಳತೆಗೆ ಗ್ರಾಫ್ ಹಾಳೆಯಲ್ಲಿ ಬರೆದು, ತ್ರಿಕೋನದ ಮೇಲ್ತುದಿಯ ಕೋನವನ್ನು ಕೋನಮಾಪಕದಿಂದ ಅಳೆಯಲಿ. ಒಂದು ಕಡೆ 12.5, ಇನ್ನೊಂದು ಕಡೆ 17.5 ಡಿಗ್ರಿ ಬಂತೆನ್ನಿ. ವ್ಯತ್ಯಾಸ 5. ಐದು ಡಿಗ್ರಿಗೆ 570 ಕಿ.ಮೀ. ಆದರೆ 360 ಡಿಗ್ರಿಗೆ? 41,040 ಕಿ.ಮೀ. ಧ್ರುವಗಳ ಮೂಲಕ ಭೂಮಿಯ ನಿಜವಾದ ಸುತ್ತಳತೆ ಸುಮಾರು 40,000. ಎರಡು ಸಾವಿರ ವರ್ಷಕ್ಕೂ ಹಿಂದೆ ಎರಟೋಸ್ತನೀಸ್ ಸಿಯೀನ್ ಮತ್ತು ಅಲೆಕ್ಸಾಂಡ್ರಿಯಾ ನಡುವೆ ಮಾಡಿದ್ದೂ ಇದೇ ಲೆಕ್ಕ.

ಒಂದು ಗುಂಪಿಗೆ 34,200, ಇನ್ನೊಂದಕ್ಕೆ 51,300 ಬಂದೀತು. ಕೋನದಲ್ಲಿ ಒಂದೇ ಡಿಗ್ರಿ ಹೆಚ್ಚುಕಡಿಮೆಯಾದರೂ ಇಷ್ಟು ಅಂತರ. ಅವರ ಅಂಕಿ ತಿದ್ದಿಸಬೇಡಿ. ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು, ಎಲ್ಲಿ ಜಾರಿತೆಂದು ಅವರೇ ಹುಡುಕಲಿ: ಕೋಲೋ, ನೆಲವೋ, ಕೋನಮಾಪಕವೋ? ಆಮೇಲೆ ಸರಾಸರಿ ತೆಗೆಯಲಿ. ಪ್ರಯೋಗದ ಪುಸ್ತಕದಲ್ಲಿ ಎಲ್ಲರದೂ ಒಂದೇ ಉತ್ತರ ಇದ್ದರೆ ನನಗಂತೂ ಅನುಮಾನ.

ಮಡಕಶಿರಾದ ಶಾಲೆಯೊಂದನ್ನೂ ಸೇರಿಸಿಕೊಳ್ಳಿ. ಅಲ್ಲಿನ ನೆರಳು ಕಾಸರಗೋಡಿಗಿಂತ ಸುಮಾರು 9 ನಿಮಿಷ ಮೊದಲೇ ಅತಿ ಗಿಡ್ಡವಾಗುತ್ತದೆ. ಯಾಕೆಂದು ಈಗ ಮಕ್ಕಳೇ ನಕಾಶೆ ಬಿಚ್ಚಿ ಹೇಳುತ್ತಾರೆ.