ಹದಿಹರೆಯದ ಮಕ್ಕಳ ನಿದ್ರೆ ಮತ್ತು ಮೊಬೈಲ್ ಬಳಕೆ

ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳಲ್ಲಿ ತೋಟದ ಮನೆಗಳು ದೂರ ದೂರ ಇರುವುದರಿಂದ ಶಾಲೆಗೆ ಹೋಗುವ ಮಕ್ಕಳು ಬೆಳಿಗ್ಗೆ ಬೇಗನೆ ಏಳಬೇಕಾಗುತ್ತದೆ. ರಾತ್ರಿ ತಡವಾಗಿ ಮಲಗಿದರೆ ಈ ನಷ್ಟ ತುಂಬುವುದು ಕಷ್ಟ.

ಈ ಭಾಗದಲ್ಲಿ ಮೊಬೈಲ್ ಮೊದಲು ಪಾಠದ ಸಾಧನವಾಗಿಯೇ ಅನೇಕ ಮಕ್ಕಳ ಕೈಗೆ ಬಂತು. ಸುಳ್ಯ ತಾಲ್ಲೂಕಿನ ಗುತ್ತಿಗಾರು ಸಮೀಪದ ಬಳ್ಳಕದಲ್ಲಿ 2021ರ ಜೂನಿನಲ್ಲಿ ಸುರಿಯುವ ಮಳೆಯಲ್ಲಿ ತಂದೆ ಕೊಡೆ ಹಿಡಿದು ನಿಂತು, ಮಗಳು ರಸ್ತೆ ಬದಿ ಕುಳಿತು ಪಾಠ ಕೇಳಿದ ಚಿತ್ರವನ್ನು ದೇಶವೇ ನೋಡಿತು. ಆದುದರಿಂದ ಮೊಬೈಲನ್ನು ಶತ್ರುವೆಂದು ಕಾಣುವುದು ಸರಿಯಲ್ಲ. ಅದಕ್ಕೊಂದು ಹೊತ್ತು, ಒಂದು ಜಾಗ ಗೊತ್ತುಮಾಡುವುದು ಮುಖ್ಯ.

ನಿದ್ರೆ ಎಷ್ಟು ಬೇಕು?

6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ರೆ ಅಗತ್ಯವೆಂದು ತಜ್ಞರು ನಿಗದಿಪಡಿಸಿದ್ದಾರೆ. 14 ವರ್ಷದ ಹುಡುಗ ರಾತ್ರಿ 11-45ಕ್ಕೆ ಮಲಗಿ 5-45ಕ್ಕೆ ಎದ್ದರೆ ಸಿಗುವುದು 6 ಗಂಟೆ. ದಿನಕ್ಕೆ ಕನಿಷ್ಠ 2 ಗಂಟೆಯಂತೆ, ಆರು ದಿನಗಳಲ್ಲಿ 12 ಗಂಟೆಗಳ ಕೊರತೆ ಬೀಳುತ್ತದೆ. ಭಾನುವಾರ ಒಂದೇ ದಿನ ಹೊತ್ತೇರುವವರೆಗೆ ಮಲಗಿ ಇದನ್ನು ತೀರಿಸಲಾಗದು. ಬೇಸಿಗೆಯಲ್ಲಿ 3–5 ದಿನಕ್ಕೊಮ್ಮೆ ನೀರು ಬಯಸುವ ಅಡಿಕೆಗೆ ತಿಂಗಳಿಗೊಮ್ಮೆ ತೋಟ ತುಂಬಾ ನೀರು ಬಿಟ್ಟರೆ ಪ್ರಯೋಜನವುಂಟೇ?

ತಡವಾಗಿ ನಿದ್ರೆ ಬರಲು ಕಾರಣ

ಕತ್ತಲಾದಂತೆ ಮಿದುಳಿನ ಒಂದು ಗ್ರಂಥಿ ಮೆಲಟೋನಿನ್ ಎಂಬ ರಸವನ್ನು ಸ್ರವಿಸುತ್ತದೆ. ಮಲಗುವ ಹೊತ್ತಾಯಿತೆಂದು ಶರೀರಕ್ಕೆ ತಿಳಿಸುವುದು ಇದೇ. ಹದಿಹರೆಯದಲ್ಲಿ ಈ ಸ್ರಾವ ಸಹಜವಾಗಿಯೇ ಸ್ವಲ್ಪ ತಡವಾಗುತ್ತದೆ. ಮಗು ಬೇಗ ಮಲಗದಿರುವುದೆಲ್ಲ ಹಟವಲ್ಲವೆಂದು ಹಿರಿಯರು ಮನಗಾಣಬೇಕು. ಕಣ್ಣಿನ ಹತ್ತಿರ ಹಿಡಿದ ಪರದೆಯ ಬೆಳಕು ಈ ಸ್ರಾವವನ್ನು ಇನ್ನಷ್ಟು ಹಿಂದೂಡುತ್ತದೆ. ಆಟ, ವಿಡಿಯೋ, ಗೆಳೆಯರ ಸಂದೇಶಗಳು ಮನಸ್ಸನ್ನು ಕೆರಳಿಸುವುದರಿಂದ ಮೊಬೈಲ್ ಕೆಳಗಿಟ್ಟ ಮೇಲೂ ನಿದ್ರೆ ಹತ್ತುವುದಿಲ್ಲ.

ನಿದ್ರೆಗೆಟ್ಟ ಮಗು ತರಗತಿಯಲ್ಲಿ ತೂಕಡಿಸುತ್ತದೆ, ಓದಿದ್ದನ್ನು ಮರೆಯುತ್ತದೆ, ಸಣ್ಣ ಮಾತಿಗೂ ಸಿಡುಕುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ಏಳುವ ಸಮಯದಿಂದ ಹಿಂದಕ್ಕೆ ಲೆಕ್ಕ ಹಾಕಿರಿ. 5-45ಕ್ಕೆ ಏಳುವವರು 9-45ರೊಳಗೆ ನಿದ್ರಿಸಬೇಕು. 8-45ಕ್ಕೆ ಮೊಬೈಲ್, ಟಿ.ವಿ. ನಿಲ್ಲಬೇಕು.

2. ರಾತ್ರಿ ಮನೆಯ ಎಲ್ಲ ಮೊಬೈಲುಗಳನ್ನು ಚಾವಡಿಯಲ್ಲಿ ಒಂದೇ ಕಡೆ ಚಾರ್ಜಿಗೆ ಇಡಿರಿ. ಅಡಿಕೆ ಧಾರಣೆ ನೋಡುವ ತಂದೆಯ ಮೊಬೈಲಿಗೂ ಇದೇ ನಿಯಮ. ಎಬ್ಬಿಸಲು ಅಲಾರಾಂ ಗಡಿಯಾರ ಸಾಕು.

3. ಶಾಲೆಯ ಸಂದೇಶ, ಮನೆಪಾಠಗಳನ್ನು ಸಂಜೆಯೇ ನೋಡಿ ಮುಗಿಸಲಿ.

4. ಸಂಜೆಯ ನಂತರ ಚಹಾ, ಕಾಫಿ ಬೇಡ.

5. ಬೆಳಿಗ್ಗೆ ಎದ್ದೊಡನೆ ಅಂಗಳದ ಬೆಳಕಿಗೆ ಬರಲಿ. ರಜಾದಿನವೂ ಏಳುವ ಸಮಯ ಒಂದು ಗಂಟೆಗಿಂತ ಹೆಚ್ಚು ವ್ಯತ್ಯಾಸವಾಗದಿರಲಿ.

6. ಯಕ್ಷಗಾನ, ನೇಮ, ಜಾತ್ರೆಗಳ ರಾತ್ರಿ ಎಚ್ಚರವಿದ್ದರೆ ಆತಂಕವಿಲ್ಲ. ಮರುದಿನದಿಂದಲೇ ವಾಡಿಕೆಯ ಸಮಯಕ್ಕೆ ಮರಳಲಿ.

ಮೊಬೈಲನ್ನು ಒಮ್ಮೆಲೇ ಕಿತ್ತುಕೊಳ್ಳುವುದರಿಂದ ಜಗಳವೇ ಹೆಚ್ಚು. ಮಕ್ಕಳೊಡನೆ ಕುಳಿತು ನಿಯಮ ಮಾಡಿ, ಮಲಗುವ ಸಮಯವನ್ನು ಕೆಲವು ದಿನಗಳಿಗೊಮ್ಮೆ 15 ನಿಮಿಷದಂತೆ ಹಿಂದಕ್ಕೆ ತರುವುದು ಉತ್ತಮ. ವಿಸ್ತರಣಾ ಕಾರ್ಯಕರ್ತರು ಸ್ವಸಹಾಯ ಸಂಘ ಹಾಗೂ ಶಾಲಾಭಿವೃದ್ಧಿ ಸಮಿತಿಗಳ ಸಭೆಗಳಲ್ಲಿ ಈ ವಿಷಯ ಚರ್ಚಿಸಬಹುದು.

ಇಷ್ಟಾದರೂ ವಾರಗಟ್ಟಲೆ ನಿದ್ರೆ ಬಾರದಿದ್ದರೆ, ಮಗು ಮಂಕಾಗಿ ಶಾಲೆ, ಊಟ, ಗೆಳೆಯರನ್ನು ದೂರವಿಟ್ಟರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿ ಉಚಿತ ಸಲಹೆ ಪಡೆಯಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಮತ್ತು ಅಂತರ್ಜಾಲದ ಅತಿಬಳಕೆಗಾಗಿಯೇ 2014ರಲ್ಲಿ ಪ್ರತ್ಯೇಕ ಚಿಕಿತ್ಸಾಲಯ ತೆರೆಯಲಾಗಿದೆ.

ಎಳೆಯ ಸಸಿಗೆ ನೆರಳು, ನೀರು ಹೊತ್ತಿಗೆ ಸರಿಯಾಗಿ ಒದಗಿಸುವ ಕೃಷಿಕನಿಗೆ ಬೆಳೆಯುವ ಮಗುವಿನ ನಿದ್ರೆಯ ಬೆಲೆ ತಿಳಿಯದ್ದೇನಲ್ಲ. ಇದಕ್ಕೆ ಖರ್ಚೂ ಇಲ್ಲ. ಇಂದು ರಾತ್ರಿಯೇ ಆರಂಭಿಸಬಹುದು.