ತೇರು ಬಂತು, ಸಾಲ ಬೇಡ

ನಮ್ಮ ಬಬ್ಬೂರಿಗೆ ಹಿರಿಯೂರು ಹತ್ತಿರ. ಅಲ್ಲಿ ವೇದಾವತಿ ಹೊಳೆ ಇದೆ. ತೇರುಮಲ್ಲೇಶ್ವರ ಸ್ವಾಮಿ ಗುಡಿ ಇದೆ. ಮಾಘ ಮಾಸದಲ್ಲಿ ತೇರು. ನಾವೆಲ್ಲ ಹೋಗುತ್ತೇವೆ. ತೇರಿಗೆ ಬಾಳೆಹಣ್ಣು ಎಸೆಯುತ್ತೇವೆ. ಕೈ ಮುಗಿಯುತ್ತೇವೆ.

ಜಾತ್ರೆಗೆ ನೆಂಟರು ಬರ್ತಾರೆ. ಮಕ್ಕಳು ಹೊಸ ಬಟ್ಟೆ ಕೇಳ್ತಾರೆ. ಕೈಯಲ್ಲಿ ಕಾಸಿಲ್ಲ. ಸಾಲ ತರುತ್ತೇವೆ. ಕಾಗದ ಓದದೆ ಹೆಬ್ಬೆಟ್ಟು ಒತ್ತುತ್ತೇವೆ.

ಲೆಕ್ಕ ಮಾಡೋಣ. ಸಾಲ 2,000 ರೂಪಾಯಿ. ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿ. ತಿಂಗಳಿಗೆ 100 ರೂಪಾಯಿ ಆಯ್ತು. ವರ್ಷಕ್ಕೆ 1,200 ರೂಪಾಯಿ. ಮತ್ತೆ ತೇರು ಬಂತು. ಬಡ್ಡಿ ಕಟ್ಟಿದೆವು. ಅಸಲು ಹಾಗೇ ಇದೆ!

ದೇವರಿಗೆ ಒಂದು ಹೂವು, ಒಂದು ಹಣ್ಣು ಸಾಕು. ಸಾಲ ಬೇಕೇ ಬೇಕಾದರೆ ಮೊದಲು ಕಾಗದ ಓದೋಣ. ಆಮೇಲೆ ರುಜು ಹಾಕೋಣ.

ಉತ್ತರ ಬರೆಯಿರಿ: ಇದೇ ಬಡ್ಡಿಯಲ್ಲಿ 500 ರೂಪಾಯಿಗೆ ವರ್ಷಕ್ಕೆ ಎಷ್ಟು ಬಡ್ಡಿ?