ಹಿತ್ತಲು ಮತ್ತು ಹೊಲದ ಹಕ್ಕಿಗಳು: ಗುರುತಿಸುವ ಹಾಗೂ ಚಿತ್ರ ತೆಗೆಯುವ ಕ್ರಮ

ಬೀದರ ಜಿಲ್ಲೆಯ ಬೇಸಾಯದಲ್ಲಿ ಹಕ್ಕಿಗಳ ಪಾತ್ರ ಚಿಕ್ಕದೇನಲ್ಲ. ಮುಂಗಾರಿನಲ್ಲಿ ಉದ್ದು, ಹೆಸರು, ಸೋಯಾಬೀನ್ ಬಿತ್ತಿದಂದಿನಿಂದ ಹಿಡಿದು ಹಿಂಗಾರಿ ಜೋಳದ ತೆನೆ ಕೊಯ್ಯುವವರೆಗೆ ಹೊಲದಲ್ಲಿ ಒಂದಲ್ಲ ಒಂದು ಹಕ್ಕಿ ಇದ್ದೇ ಇರುತ್ತದೆ. ಇವುಗಳಲ್ಲಿ ಕೆಲವು ನಮ್ಮ ಕಾಳನ್ನು ತಿನ್ನುತ್ತವೆ. ಹಲವು ನಮ್ಮ ಕಾಳನ್ನು ತಿನ್ನುವ ಹುಳುವನ್ನು ತಿನ್ನುತ್ತವೆ. ದೂರದಿಂದ ನೋಡಿದಾಗ ಎರಡೂ ಗುಂಪು ಒಂದೇ ತೆರನಾಗಿ ಕಾಣುವುದರಿಂದ, ಕಳ್ಳನನ್ನು ಓಡಿಸಲು ಹೋಗಿ ಕಾವಲುಗಾರನನ್ನೂ ಓಡಿಸಿದಂತಾಗುತ್ತದೆ. ಆದುದರಿಂದ ಹಕ್ಕಿಯ ಮೇಲೆ ಯಾವುದೇ ಕ್ರಮ ಕೈಗೊಳ್ಳುವ ಮೊದಲು ಅದು ಯಾವುದೆಂದು ಖಚಿತಪಡಿಸಿಕೊಳ್ಳುವುದು ಅವಶ್ಯ. ಇಂದು ಬಹುತೇಕ ಮನೆಗಳಲ್ಲಿರುವ ಮೊಬೈಲ್ ಫೋನಿನ ಕ್ಯಾಮೆರಾ ಈ ಕೆಲಸಕ್ಕೆ ಉತ್ತಮ ಸಾಧನ.

ಗುರುತಿಸುವುದೇಕೆ?

ತೊಗರಿ ಮತ್ತು ಕಡಲೆಯ ಮುಖ್ಯ ಶತ್ರು ಕಾಯಿಕೊರಕ. ಇದರ ಬೆಳೆದ ಮರಿಹುಳು ತಲೆಯನ್ನು ಕಾಯಿಯೊಳಗೆ ತೂರಿಸಿ, ದೇಹದ ಉಳಿದ ಭಾಗವನ್ನು ಹೊರಗೆ ಬಿಟ್ಟು ಕಾಳು ತಿನ್ನುತ್ತದೆ. ಹೀಗೆ ಹೊರಗೆ ಉಳಿಯುವ ಹುಳು ಕಾಜಾಣ, ಗೊರವಂಕ, ಗೋವಕ್ಕಿಗಳಿಗೆ ಸುಲಭದ ತುತ್ತು. ಎಕರೆಗೆ ಸುಮಾರು 20ರಂತೆ, ಬೆಳೆಗಿಂತ ಒಂದೆರಡು ಅಡಿ ಎತ್ತರವಾಗಿ, 'ಟಿ' ಆಕಾರದ ಕವಲು ಕೋಲುಗಳನ್ನು ನೆಡಬೇಕೆಂಬ ಶಿಫಾರಸಿನ ಹಿಂದಿರುವ ಕಾರಣ ಇದೇ.

ಆದರೆ ಅದೇ ಕೋಲು ಜೋಳದ ಹೊಲದಲ್ಲಿ ಕಾಳು ಕಟ್ಟುವ ಕಾಲಕ್ಕೆ ಇದ್ದರೆ ಗಿಳಿ, ಗೀಜಗ, ಗುಬ್ಬಿಗಳಿಗೆ ಆಸನವಾಗುತ್ತದೆ. ಆಗ ಅದನ್ನು ಕಿತ್ತಿಡುವುದು ಲೇಸು. ಯಾವಾಗ ನೆಡಬೇಕು, ಯಾವಾಗ ಕೀಳಬೇಕು ಎಂಬುದನ್ನು ಕೋಲಿನ ಮೇಲೆ ಕುಳಿತಿರುವ ಹಕ್ಕಿಯೇ ಹೇಳುತ್ತದೆ. ಅದನ್ನು ಓದಲು ನಮಗೆ ಬರಬೇಕು.

ಎಳ್ಳಮಾವಾಸ್ಯೆಯಂದು ನಮ್ಮ ಭಾಗದ ರೈತರು ಹೊಲದಲ್ಲಿ ಚರಗ ಚೆಲ್ಲುವ ಪದ್ಧತಿ ಇದೆ. ಕಡಲೆ, ತೊಗರಿಗಳಲ್ಲಿ ಹುಳುವಿನ ಕಾಟವಿರುವ ಕಾಲದಲ್ಲಿಯೇ ಈ ಹಬ್ಬ ಬರುತ್ತದೆ. ಚೆಲ್ಲಿದ ಅನ್ನವನ್ನು ಅರಸಿ ಬಂದ ಹಕ್ಕಿ ಸಾಲಿನ ನಡುವೆ ಹುಳುವನ್ನೂ ಹೆಕ್ಕುತ್ತದೆ. ಹಿರಿಯರ ಈ ಪದ್ಧತಿಯನ್ನು ಕೀಟ ನಿರ್ವಹಣೆಯ ಕಣ್ಣಿನಿಂದಲೂ ನೋಡಬಹುದು.

ಒಂದೇ ಹಕ್ಕಿ ಕೆಲವೊಮ್ಮೆ ಮಿತ್ರನೂ ಶತ್ರುವೂ ಆಗಿರುತ್ತದೆ. ಬೆಳೆದ ಗುಬ್ಬಿ, ಗೀಜಗಗಳು ಕಾಳು ತಿನ್ನುವುದು ನಿಜ. ಆದರೆ ತಮ್ಮ ಎಳೆಯ ಮರಿಗಳಿಗೆ ಅವು ಉಣಿಸುವುದು ಹೆಚ್ಚಾಗಿ ಹುಳು ಹುಪ್ಪಟೆಗಳನ್ನು. ಆದುದರಿಂದ ತೆನೆ ಹಾಲು ತುಂಬಿ ಬಲಿಯುವ ಕೆಲವು ವಾರ ಮಾತ್ರ ಕವಣೆ, ತಮಟೆ, ಹೊಳೆಯುವ ಪಟ್ಟಿಗಳಿಂದ ಇವನ್ನು ಓಡಿಸಿದರೆ ಸಾಕು.

ಗುರುತಿಸುವ ಕ್ರಮ

ಹಕ್ಕಿಯನ್ನು ಕಂಡೊಡನೆ ಬಣ್ಣವನ್ನಷ್ಟೇ ನೋಡುವುದು ವಾಡಿಕೆ. ಬಣ್ಣವು ಬೆಳಕಿಗೆ, ವಯಸ್ಸಿಗೆ, ಋತುಮಾನಕ್ಕೆ ತಕ್ಕಂತೆ ಬದಲಾಗುವುದರಿಂದ ಕೆಳಗಿನ ಅಂಶಗಳನ್ನು ಕ್ರಮವಾಗಿ ಗಮನಿಸಬೇಕು.

1. ಗಾತ್ರ: ಗುಬ್ಬಿ, ಪಿಕಳಾರ, ಗೊರವಂಕ, ಪಾರಿವಾಳ, ಕಾಗೆ, ಹದ್ದು – ಈ ಆರನ್ನು ಅಳತೆಗೋಲಾಗಿ ಇಟ್ಟುಕೊಂಡು ಹೋಲಿಸಬೇಕು.
2. ಕೊಕ್ಕು: ಗಿಡ್ಡ, ದಪ್ಪ ಕೊಕ್ಕು ಕಾಳು ಒಡೆಯುವುದಕ್ಕೆ, ನೀಳ, ಸಪೂರ ಕೊಕ್ಕು ಹುಳು ಹಿಡಿಯುವುದಕ್ಕೆ, ಬಾಗಿದ, ಚೂಪಾದ ಕೊಕ್ಕು ಮಾಂಸ ಹರಿಯುವುದಕ್ಕೆ. ಗಿಳಿಯ ಬಾಗಿದ ಕೊಕ್ಕು ಮಾತ್ರ ಕಾಯಿ, ಕಾಳು ಒಡೆಯುವಂಥದು.
3. ಬಾಲ: ಕವಲೊಡೆದಿದೆಯೇ, ದುಂಡಗಿದೆಯೇ, ಉದ್ದವೇ, ಗಿಡ್ಡವೇ?
4. ಜಾಗ ಮತ್ತು ನಡತೆ: ತಂತಿಯ ಮೇಲೋ, ದನದ ಬೆನ್ನಿನ ಮೇಲೋ, ತೆನೆಯ ಮೇಲೋ? ಒಂಟಿಯೋ, ಗುಂಪೋ?
5. ಕೂಗು ಮತ್ತು ಕಾಲ: ವರ್ಷವಿಡೀ ಇರುವುದೋ, ಚಳಿಗಾಲದಲ್ಲಿ ಮಾತ್ರ ಬರುವುದೋ?

ಈ ಪ್ರದೇಶದ ಹಕ್ಕಿಗಳ ಅಧ್ಯಯನಕ್ಕೆ ಹಳೆಯ ಚರಿತ್ರೆಯೇ ಇದೆ. ಬೀದರ ಅಂದು ಸೇರಿದ್ದ ಹೈದರಾಬಾದ್ ಸಂಸ್ಥಾನದ ಪಕ್ಷಿ ಸಮೀಕ್ಷೆಯನ್ನು ಡಾ. ಸಲೀಂ ಅಲಿಯವರು 1930ರ ದಶಕದ ಆರಂಭದಲ್ಲಿ ನಡೆಸಿದ್ದರು. ಭಾರತದ ಹಕ್ಕಿಗಳನ್ನು ಕುರಿತ ಅವರ ಜನಪ್ರಿಯ ಕೈಪಿಡಿ 1941ರಲ್ಲಿ ಪ್ರಕಟವಾಯಿತು. ಪರಿಚಿತ ಹಕ್ಕಿಗಳೊಡನೆ ಗಾತ್ರ ಹೋಲಿಸುವ ಕ್ರಮವನ್ನು ಅವರ ಪುಸ್ತಕಗಳಲ್ಲಿ ಕಾಣಬಹುದು.

ಒಂದನ್ನೊಂದು ಹೋಲುವ ಹಕ್ಕಿಗಳು

ಕಾಜಾಣ – ಕೋಗಿಲೆ: ಎರಡೂ ಕಪ್ಪು. ಕಾಜಾಣದ ಬಾಲ ಮೀನಿನ ಬಾಲದಂತೆ ಕವಲೊಡೆದಿರುತ್ತದೆ. ಅದು ಮೇಯುವ ದನದ ಬೆನ್ನು, ತಂತಿ, ಕವಲು ಕೋಲುಗಳ ಮೇಲೆ ಎದ್ದು ಕಾಣುವಂತೆ ಕುಳಿತು ಕೀಟ ಹಿಡಿಯುತ್ತದೆ. ಗಂಡು ಕೋಗಿಲೆ ಇದಕ್ಕಿಂತ ದೊಡ್ಡದು, ಕಣ್ಣು ಕೆಂಪು, ಬಾಲಕ್ಕೆ ಕವಲಿಲ್ಲ. ಎಲೆಗಳ ಮರೆಯಲ್ಲಿ ಅಡಗಿ ಹಣ್ಣು ತಿನ್ನುತ್ತದೆ.

ನೀಲಕಂಠ – ಮಿಂಚುಳ್ಳಿ: ನಮ್ಮ ರಾಜ್ಯಪಕ್ಷಿಯಾದ ನೀಲಕಂಠ ತಂತಿಯ ಮೇಲೆ ಕುಳಿತಾಗ ಮಾಸಲು ಕಂದಾಗಿ ಕಾಣುತ್ತದೆ, ಹಾರಿದಾಗ ಮಾತ್ರ ರೆಕ್ಕೆಯ ತಿಳಿನೀಲಿ, ಕಡುನೀಲಿ ಪಟ್ಟಿಗಳು ಬಿಚ್ಚಿಕೊಳ್ಳುತ್ತವೆ. ಬಿಳಿ ಎದೆಯ ಮಿಂಚುಳ್ಳಿಗೆ ಉದ್ದನೆಯ ಕೆಂಪು ಕೊಕ್ಕು ಇರುತ್ತದೆ. ನೀಲಕಂಠವು ಮಿಡತೆ, ಜೀರುಂಡೆಗಳನ್ನು ತಿನ್ನುವ ರೈತಮಿತ್ರ.

ಗೋವಕ್ಕಿ – ಸಣ್ಣ ಬೆಳ್ಳಕ್ಕಿ: ಹಳದಿ ಕೊಕ್ಕಿದ್ದು, ನೇಗಿಲು ಅಥವಾ ಟ್ರ್ಯಾಕ್ಟರಿನ ಹಿಂದೆ ನಡೆಯುವುದು ಗೋವಕ್ಕಿ. ಮರಿ ಮಾಡುವ ಕಾಲದಲ್ಲಿ ಇದರ ತಲೆ, ಕುತ್ತಿಗೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಕಪ್ಪು ಕೊಕ್ಕು, ಕಪ್ಪು ಕಾಲು, ಹಳದಿ ಬೆರಳುಗಳಿದ್ದು ಕೆರೆಯಂಚಿನಲ್ಲಿ ಮೀನು ಹಿಡಿಯುವುದು ಸಣ್ಣ ಬೆಳ್ಳಕ್ಕಿ. ಭಾಲ್ಕಿ ತಾಲೂಕಿನ ಕಾರಂಜಾ ಜಲಾಶಯದಂತಹ ನೀರಿನ ಅಂಚಿನ ಹೊಲಗಳಲ್ಲಿ ಎರಡನ್ನೂ ಹೋಲಿಸಿ ನೋಡುವ ಅವಕಾಶವಿದೆ.

ಗೀಜಗ – ಗುಬ್ಬಿ: ಹೆಣ್ಣು ಗೀಜಗ ಮತ್ತು ಹೆಣ್ಣು ಗುಬ್ಬಿಗಳನ್ನು ಬೇರ್ಪಡಿಸುವುದು ಕಷ್ಟ. ಮಳೆಗಾಲದಲ್ಲಿ ಗಂಡು ಗೀಜಗದ ನೆತ್ತಿ ಹಳದಿಯಾಗುತ್ತದೆ. ಗಂಡು ಗುಬ್ಬಿಗೆ ಬೂದು ನೆತ್ತಿ, ಕಪ್ಪು ಗಂಟಲು. ಗುಂಪಿನಲ್ಲಿರುವ ಗಂಡನ್ನು ನೋಡಿ ಹೆಣ್ಣನ್ನು ನಿರ್ಧರಿಸಬೇಕು.

ಗೊರವಂಕ – ಗುಲಾಬಿ ಕಬ್ಬಕ್ಕಿ: ಗೊರವಂಕ ವರ್ಷವಿಡೀ ಇರುತ್ತದೆ, ಕಂದು ಮೈ, ಹಳದಿ ಕೊಕ್ಕು. ಗುಲಾಬಿ ಕಬ್ಬಕ್ಕಿ ಮಧ್ಯ ಏಷ್ಯಾದಂತಹ ದೂರದ ನಾಡುಗಳಿಂದ ವಲಸೆ ಬಂದು ಚಳಿಗಾಲ ಕಳೆಯುತ್ತದೆ. ಕಪ್ಪು ತಲೆ, ಕಪ್ಪು ರೆಕ್ಕೆ, ಗುಲಾಬಿ ಮೈ. ಇದು ದೊಡ್ಡ ಹಿಂಡುಗಳಲ್ಲಿ ಜೋಳಕ್ಕೆ ಎರಗುವುದು ನಿಜವಾದರೂ ಮಿಡತೆಗಳ ಬದ್ಧ ವೈರಿಯೂ ಹೌದು.

ಕಣಜ ಗೂಬೆ: ಹೃದಯಾಕಾರದ ಬಿಳಿ ಮುಖದ ಈ ಗೂಬೆ ಹಾಳು ಮನೆ, ಹಳೆಯ ಕಟ್ಟಡಗಳ ಸಂದುಗಳಲ್ಲಿ ವಾಸಿಸುತ್ತದೆ. ಅಪಶಕುನವೆಂದು ಇದನ್ನು ಓಡಿಸುವುದುಂಟು. ಇಲಿಯನ್ನು ಇಡಿಯಾಗಿ ನುಂಗಿ, ಜೀರ್ಣವಾಗದ ಕೂದಲು, ಎಲುಬುಗಳನ್ನು ಉಂಡೆ ಮಾಡಿ ಉಗುಳುವುದು ಇದರ ಸ್ವಭಾವ. ಅದು ಕೂರುವ ಜಾಗದ ಕೆಳಗೆ ಬಿದ್ದ ಉಂಡೆಯನ್ನು ಕಡ್ಡಿಯಿಂದ ಬಿಡಿಸಿ ನೋಡಿದರೆ ಇಲಿಯ ತಲೆಬುರುಡೆಗಳು ಸಿಗುತ್ತವೆ. ಆ ಉಂಡೆಯ ಒಂದು ಚಿತ್ರ ಶಕುನದ ಬಗೆಗಿನ ವಾದವನ್ನು ಮುಗಿಸಬಲ್ಲದು.

ಚಿತ್ರ ತೆಗೆಯುವ ವಿಧಾನ

ಮನೆಯ ಹಿತ್ತಲೇ ಉತ್ತಮ ಪಾಠಶಾಲೆ. ಬೇವು, ಹುಣಸೆಯ ನೆರಳಿನಲ್ಲಿ ಎರಡು ಇಂಚು ಆಳದ ಮಣ್ಣಿನ ಬೋಗುಣಿಯಲ್ಲಿ ನೀರಿಟ್ಟು ದಿನವೂ ಬದಲಿಸಬೇಕು. ನಮ್ಮ ಬೇಸಿಗೆಯಲ್ಲಿ ನೀರಿರುವೆಡೆಗೆ ಹಕ್ಕಿಗಳು ತಾವೇ ಬರುತ್ತವೆ. ಕಿಟಕಿಯ ಮರೆಯಲ್ಲಿ ಕುಳಿತು ಈ ಮುಂದಿನ ಸೂಚನೆಗಳನ್ನು ಪಾಲಿಸಬೇಕು.

1. ಸೂರ್ಯೋದಯದ ನಂತರದ ಎರಡು ಗಂಟೆ ಪ್ರಶಸ್ತ. ಸೂರ್ಯನು ಚಿತ್ರ ತೆಗೆಯುವವರ ಬೆನ್ನ ಹಿಂದಿರಬೇಕು. ಆಕಾಶಕ್ಕೆ ಎದುರಾಗಿ ತೆಗೆದರೆ ಎಲ್ಲ ಹಕ್ಕಿಗಳೂ ಕಪ್ಪಾಗಿ ಕಾಣುತ್ತವೆ.
2. ಕಂಡೊಡನೆ ದೂರದಿಂದಲೇ ಒಂದು ಚಿತ್ರ ತೆಗೆದಿಟ್ಟುಕೊಳ್ಳಬೇಕು. ಬಳಿಕ ನೇರವಾಗಿ ಹೋಗದೆ, ಓರೆಯಾಗಿ, ನಿಂತು ನಿಂತು ಹತ್ತಿರವಾಗಬೇಕು.
3. ಅಂದಕ್ಕಿಂತ ಗುರುತು ಮುಖ್ಯ. ಕೊಕ್ಕು ಮತ್ತು ತಲೆ ಕಾಣುವ ಪಕ್ಕನೋಟ, ಬೆನ್ನು ಮತ್ತು ಬಾಲ, ಹಾರುವಾಗಿನ ರೆಕ್ಕೆ – ಈ ಮೂರೂ ಸಿಕ್ಕರೆ ಉತ್ತಮ.
4. ಗೋವಕ್ಕಿಯಂತಹ ಬಿಳಿ ಹಕ್ಕಿಗೆ ಎಕ್ಸ್‌ಪೋಜರ್ ಸ್ವಲ್ಪ ಕಡಿಮೆ ಮಾಡಬೇಕು. ಕಾಜಾಣದಂತಹ ಕಪ್ಪು ಹಕ್ಕಿಗೆ ಸ್ವಲ್ಪ ಹೆಚ್ಚಿಸಬೇಕು.
5. ಬೇರೆ ಕ್ಯಾಮೆರಾ ಇದ್ದವರು ಕುಳಿತ ಹಕ್ಕಿಗೆ ಸೆಕೆಂಡಿನ 1/500, ಹಾರುವ ಹಕ್ಕಿಗೆ 1/1000 ಅಥವಾ ಅದಕ್ಕೂ ಹೆಚ್ಚಿನ ಷಟರ್ ವೇಗ ಬಳಸಬೇಕು. ಮೊಬೈಲ್ ಇದ್ದವರು ದುರ್ಬೀನಿನ ಕಣ್ಣುಗಾಜಿಗೆ ಅದರ ಲೆನ್ಸನ್ನು ಹೊಂದಿಸಿ ಹಿಡಿದರೆ ದೂರದ ಹಕ್ಕಿಯೂ ಗುರುತಿಗೆ ಸಾಕಾಗುವಷ್ಟು ದೊರೆಯುತ್ತದೆ.
6. ಹಕ್ಕಿಯ ಬಾಯಲ್ಲಿ ಏನಿದೆ ಎಂಬುದನ್ನು ಚಿತ್ರವನ್ನು ದೊಡ್ಡದು ಮಾಡಿ ನೋಡಬೇಕು. ಹುಳುವೋ, ಕಾಳೋ ಎಂಬುದು ಅಲ್ಲಿಯೇ ತಿಳಿಯುತ್ತದೆ.

ದಾಖಲೆ ಇಡುವುದು

ಚಿತ್ರದ ಜೊತೆಗೆ ದಿನಾಂಕ, ವೇಳೆ, ಊರು, ಬೆಳೆ ಮತ್ತು ಅದರ ಹಂತ, ಹಕ್ಕಿಗಳ ಸಂಖ್ಯೆ ಇವನ್ನು ವಹಿಯಲ್ಲಿ ಬರೆದಿಡಬೇಕು. ಎರಡು ಹಂಗಾಮುಗಳ ದಾಖಲೆ ಇದ್ದರೆ ಯಾವ ತಿಂಗಳು ಯಾವ ಹಕ್ಕಿ ಬರುತ್ತದೆಂಬುದು ರೈತನಿಗೇ ತಿಳಿಯುತ್ತದೆ. ಗುರುತು ಹಚ್ಚಲು ಕಾರ್ನೆಲ್ ಪಕ್ಷಿಶಾಸ್ತ್ರ ಪ್ರಯೋಗಾಲಯದ 'ಮರ್ಲಿನ್' ಎಂಬ ಉಚಿತ ಆ್ಯಪ್ ನೆರವಾಗುತ್ತದೆ. ಆದರೆ ಅದರ ಉತ್ತರವನ್ನು ಮೇಲಿನ ಐದು ಅಂಶಗಳೊಂದಿಗೆ ತಾಳೆ ನೋಡಬೇಕು. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ವಿಶ್ವದಾದ್ಯಂತ ನಡೆಯುವ ಹಿತ್ತಲ ಹಕ್ಕಿ ಗಣತಿಯಲ್ಲಿ ಕನಿಷ್ಠ 15 ನಿಮಿಷ ಎಣಿಸಿ ಯಾರು ಬೇಕಾದರೂ ಭಾಗವಹಿಸಬಹುದು.

ಇಂತಹ ಸಾಮಾನ್ಯ ಜನರ ದಾಖಲೆಗಳನ್ನೇ ಆಧರಿಸಿ 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಸಿದ್ಧವಾಯಿತು. ನವಿಲಿನ ಸಂಖ್ಯೆ ಏರುತ್ತಿದ್ದರೆ, ನೀಲಕಂಠದ ಸಂಖ್ಯೆ ಇಳಿಮುಖವಾಗಿದೆಯೆಂದು ಅದರಿಂದ ತಿಳಿದುಬಂದಿದೆ. ದಸರೆಯ ದಿನ ಕಂಡರೆ ಶುಭವೆಂದು ನಂಬುವ ಹಕ್ಕಿ ಇದು. ರಾಜ್ಯದ ಉತ್ತರ ತುದಿಯ ಔರಾದ ತಾಲೂಕಿನ ತಂತಿಗಳ ಮೇಲೆ ಎಷ್ಟು ನೀಲಕಂಠಗಳು ಉಳಿದಿವೆ ಎಂಬುದನ್ನು ಅಲ್ಲಿಯ ರೈತರಿಗಿಂತ ಚೆನ್ನಾಗಿ ಯಾರು ಎಣಿಸಬಲ್ಲರು?

ಮಾಡಬಾರದ ಕೆಲಸಗಳು

ಗೂಡಿನ ಹತ್ತಿರ ಹೋಗಿ ಚಿತ್ರ ತೆಗೆಯಬಾರದು. ಮರೆಯ ರೆಂಬೆ ಸರಿಸಿದರೆ ಮರಿಗಳು ಬಿಸಿಲಿಗೂ ಕಾಗೆಗೂ ತುತ್ತಾಗುತ್ತವೆ. ರಾತ್ರಿ ಗೂಬೆಯ ಮುಖಕ್ಕೆ ಫ್ಲ್ಯಾಶ್ ಹೊಡೆಯಬಾರದು. ಧ್ವನಿಮುದ್ರಿತ ಕೂಗು ಹಾಕಿ ಹಕ್ಕಿಯನ್ನು ಕರೆಯಬಾರದು. ಕಾಳಿಗೆ ವಿಷ ಬೆರೆಸಿ ಇಡುವುದಂತೂ ಕೂಡದು. ವಿಷಕ್ಕೆ ಶತ್ರು–ಮಿತ್ರರ ಭೇದವಿಲ್ಲ. ನವಿಲು, ಬೆಳವ, ಗೊರವಂಕ ಎಲ್ಲವೂ ಸಾಯುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನವಿಲನ್ನು ಕೊಲ್ಲುವುದು ಶಿಕ್ಷಾರ್ಹ ಅಪರಾಧ.

ಕಾಯಿಕೊರಕದ ಹತೋಟಿಗೆ ಔಷಧಿ ಸಿಂಪಡಿಸಲು ಪಂಪು ಹೊರುವ ಮುನ್ನ ರೈತ ಬಾಂಧವರು ಒಂದು ಮುಂಜಾವು ಕ್ಯಾಮೆರಾ ಹಿಡಿದು ಬದುವಿನ ಮೇಲೆ ಕುಳಿತುಕೊಳ್ಳಬೇಕು. ಗಿಡ ಅಲುಗಾಡಿಸಿ ಹುಳುಗಳನ್ನು ಎಣಿಸುವುದರ ಜೊತೆಗೆ ಹುಳು ಹೆಕ್ಕುವ ಹಕ್ಕಿಗಳನ್ನೂ ಎಣಿಸಬೇಕು. ವಿಸ್ತರಣಾ ಕಾರ್ಯಕರ್ತರು ತಮ್ಮ ಹಳ್ಳಿಗಳಲ್ಲಿ ಇಂತಹ ಚಿತ್ರಗಳನ್ನು ಸಂಗ್ರಹಿಸಿ ರೈತರ ಸಭೆಗಳಲ್ಲಿ ತೋರಿಸಿದರೆ, ಹೊರಗಿನಿಂದ ತಂದ ಪಟಗಳಿಗಿಂತ ಹೆಚ್ಚು ಪರಿಣಾಮವಾಗುತ್ತದೆ. ಏಕೆಂದರೆ ಅದರಲ್ಲಿರುವ ಹೊಲವೂ ಅವರದೇ, ಹಕ್ಕಿಯೂ ಅವರದೇ.